ಪಂಪ್ ರೂಮಿನ ಗಾಳಿ

ಮಾಳಮಡ್ಡಿ, ಧಾರವಾಡ
9 ಜನವರಿ 2024

ಪ್ರೀತಿಯ ಅಕ್ಕನಿಗೆ,

ಫೋನಿನಲ್ಲಿ ನನ್ನ ದನಿ ಕೇಳಿ ನೀನು ಗಾಬರಿಯಾದೆಯಂತೆ, ಅವ್ವ ಹೇಳಿದಳು. ಏನು ಮಾಡಲಿ, ಎರಡನೇ ಮಾತಿಗೇ ಕೆಮ್ಮು ಹತ್ತುತ್ತದೆ, ಹತ್ತಿದರೆ ನಿಲ್ಲುವುದಿಲ್ಲ. ಅದಕ್ಕೇ ಹಾಸ್ಟೆಲಿನ ದಿನಗಳ ಹಾಗೆ ಕಾಗದ ಹಿಡಿದಿದ್ದೇನೆ. ಬರೆಯುವಾಗ ಕೆಮ್ಮು ಬಂದರೆ ಪೆನ್ನು ಕೆಳಗಿಟ್ಟು ಕಾಯಬಹುದು.

ಊದುಬತ್ತಿ ಹಚ್ಚಿದರೆ ಎದೆ ಬಿಗಿಯುತ್ತದೆ. ಆಟೋ ಹೊಗೆ, ಸೆಂಟಿನ ವಾಸನೆ, ಬೆಳಗಿನ ತಣ್ಣನೆ ಗಾಳಿ, ಯಾವುದೂ ಆಗುವುದಿಲ್ಲ. ನಾನು, ರಾಜೇಶ್ವರಿ, ಉಸಿರು ಕಟ್ಟಿ ಕೊಳದ ಈ ತುದಿಯಿಂದ ಆ ತುದಿಗೆ ನೀರಿನಡಿಯಲ್ಲೇ ಹೋಗುತ್ತಿದ್ದವಳು, ಈಗ ನಮ್ಮ ಓಣಿಯ ಏರು ಹತ್ತುವಾಗ ಕಂಬ ಹಿಡಿದು ನಿಲ್ಲುತ್ತೇನೆ. ಈಜು ಕಲಿಸಲು ಹುಬ್ಬಳ್ಳಿಗೆ ಹೋಗುವುದನ್ನು ಬಿಟ್ಟಿದ್ದೇನೆ.

ಮೊನ್ನೆ ಶಿವಯೋಗೀಶ ಮಾಮಾ ಬಂದಿದ್ದರು. "ನಿನ್ನ ಕೋಚ್ ಕೆಲಸ ಎಲ್ಲೂ ಹೋಗಂಗಿಲ್ಲ, ಕೊಳ ನಮ್ಮದ ಐತಿ. ಅರಾಮ ಆದ ಮ್ಯಾಲೆ ಬಾ" ಅಂದರು. ನಿನಗೂ ಎಲ್ಲ ಹೇಳಿದ್ದಾರಂತೆ. "ದಾಕ್ಷಾಯಿಣಿಗೆ ಎಲ್ಲಾ ಹೇಳೇನಿ. ಅಲರ್ಜಿ ಅಂದಾಳ. ಚಿಂತಿ ಮಾಡಬ್ಯಾಡ" ಎಂದರು. ನಿನ್ನ ಗಂಡನೇ ಹೇಳಿದ ಮೇಲೆ ನಾನು ಆ ದಿನದ್ದನ್ನು ಮತ್ತೆ ಬರೆಯುವುದು ಬೇಡ.

ಒಂದೇ ಒಂದು ಪ್ರಶ್ನೆ. ಅಲರ್ಜಿ ಹೀಗೆ ಒಂದೇ ಮಧ್ಯಾಹ್ನದಲ್ಲಿ ಬಂದುಬಿಡುತ್ತದೆಯೇ ಅಕ್ಕಾ?

ನಿನ್ನ
ರಾಜಿ


ಚಂಡೀಗಢ
20 ಜನವರಿ 2024

ಮುದ್ದು ರಾಜಿ,

ನಿನ್ನ ಅಕ್ಷರ ನೋಡಿ ಎಷ್ಟು ಖುಷಿಯಾಯಿತೆಂದರೆ, ವಿಷಯ ಆಮೇಲೆ ತಲೆಗೆ ಹೋಯಿತು. ಹೌದು, ಇವರು ಫೋನಿನಲ್ಲಿ ಹೇಳಿದರು. ಹೆದರಬೇಡ. ಇದು ನನ್ನದೇ ಕಾಯಿಲೆ, ನಿನ್ನ ಬಳಿ ತಡವಾಗಿ ಬಂದಿದೆ ಅಷ್ಟೇ. ಎಷ್ಟೋ ಜನರಿಗೆ ಮೂವತ್ತು ದಾಟಿದ ಮೇಲೆ ಶುರುವಾಗುತ್ತದೆ. ಒಳಗೊಳಗೇ ಇದ್ದದ್ದು ಒಂದು ದಿನ ಎದ್ದು ಕೂರುತ್ತದೆ.

ನನ್ನ ಚಿಕ್ಕಂದಿನ ಕತೆ ನಿನಗೆ ಗೊತ್ತು. ಕಾಂಗ್ರೆಸ್ ಕಸ ಹೂ ಬಿಟ್ಟರೆ ಸಾಕು, ನಾನು ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದೆ. ಅವ್ವ ಹಿತ್ತಲಿನ ಕಸವನ್ನೆಲ್ಲ ತಾನೇ ಕೀಳುತ್ತಿದ್ದಳು. ಹೂವಿನ ಧೂಳಿನಿಂದ ಯಾರಿಗೂ ಏನೂ ಆಗಬೇಕಿಲ್ಲ. ನಮ್ಮಂಥವರ ಮೈ ಮಾತ್ರ ಅದನ್ನು ವೈರಿಯೆಂದು ತಿಳಿದು ಇಯೋಸಿನೊಫಿಲ್ ಎಂಬ ರಕ್ತಕಣಗಳನ್ನು ಉಸಿರಿನ ಕೊಳವೆಗೆ ನುಗ್ಗಿಸುತ್ತದೆ. ಕೊಳವೆಯ ಒಳಮೈ ಊದಿಕೊಂಡು ದಾರಿ ಕಿರಿದಾಗುತ್ತದೆ. ಆ ಕಣಗಳನ್ನು ನಾನು ದಿನವೂ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಬಣ್ಣ ಹಾಕಿದರೆ ಒಳಗೆ ಕೆಂಪು ಹರಳು ತುಂಬಿಕೊಂಡ ಹಾಗೆ ಕಾಣುತ್ತವೆ.

ನನ್ನ ಈಗಿನ ಸಂಶೋಧನೆ ಇದರದ್ದೇ. ಅಲರ್ಜಿಯಿಂದ ದಮ್ಮು ಬಂದವರು ಒಂದು ಗುಂಪು. ಕಾರ್ಖಾನೆಗಳಲ್ಲಿ ಗ್ಯಾಸ್ ಸೋರಿ, ಅದನ್ನು ಕುಡಿದು ದಮ್ಮು ಹತ್ತಿದವರು ಇನ್ನೊಂದು. ಇಬ್ಬರೂ ಒಂದೇ ರೀತಿ ಕೆಮ್ಮುತ್ತಾರೆ, ಇಬ್ಬರ ಎದೆಯಲ್ಲೂ ಅದೇ ಸಿಳ್ಳು. ಒಳಗಿನ ಉರಿಯೂತವೂ ಒಂದೇ ಬಗೆಯದೋ ಎಂದು ಕಫದ ಕಣಗಳನ್ನು ಎಣಿಸಿ ಹೋಲಿಸುತ್ತೇವೆ. ನೀನೂ ಸೇರು! ಹುಬ್ಬಳ್ಳಿಯಲ್ಲಿ ನನ್ನ ಗೆಳತಿ ಡಾಕ್ಟರ್ ನೀಲಾ ನನಗಾಗಿ ಮಾದರಿ ತೆಗೆದು ಗಾಜಿನ ಮೇಲೆ ಹಾಕಿ ಕಳಿಸುತ್ತಾಳೆ. ಅವಳ ಹತ್ತಿರ ಹೋಗು. ಇನ್ಹೇಲರ್ ಕೊಡುತ್ತಾಳೆ, ಅದನ್ನು ತಪ್ಪಿಸಬೇಡ. ಹಾಸಿಗೆ ಬಿಸಿಲಿಗೆ ಹಾಕು. ನಿನ್ನ ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಡು, ಅಳಬೇಡ.

ಪ್ರೀತಿಯಿಂದ
ಅಕ್ಕ


ಮಾಳಮಡ್ಡಿ, ಧಾರವಾಡ
11 ಫೆಬ್ರುವರಿ 2024

ಅಕ್ಕನಿಗೆ,

ಬೆಕ್ಕನ್ನು ಕೊಟ್ಟೆ. ಹಾಸಿಗೆ ಬಿಸಿಲಿಗೆ ಹಾಕಿದೆ. ಕೆಮ್ಮು ಹಾಗೇ ಇದೆ.

ಡಾಕ್ಟರ್ ನೀಲಾ ಅವರಲ್ಲಿ ಹೋಗಿದ್ದೆ. ಉಪ್ಪುನೀರಿನ ಮಂಜನ್ನು ಉಸಿರಾಡಿಸಿ ಕಫ ತೆಗೆದರು. ಅರ್ಧಕ್ಕೇ ಉಸಿರು ಸಿಕ್ಕಿಕೊಂಡು, ಅವರು ನಿಲ್ಲಿಸಿ ಔಷಧ ಕೊಟ್ಟರು. "ಹೆಂಗ ಶುರುವಾತು?" ಎಂದು ಕೇಳಿದರು. "ನಮ್ಮಕ್ಕಗ ಗೊತ್ತೈತ್ರಿ, ಅವರನ್ನ ಕೇಳ್ರಿ" ಎಂದೆ. ನೀನು ಅವರಿಗೆ ಏನು ಹೇಳಿದ್ದೀಯೋ, ನಾನು ಬೇರೆ ಹೇಳಿ ನಿನ್ನನ್ನು ಸಿಕ್ಕಿಸುವುದು ಬೇಡವೆನಿಸಿತು.

ಬರುವಾಗ ಇಮಾಮಹುಸೇನ ಕಾಕಾ ಸಿಕ್ಕರು, ನಮ್ಮ ಕೊಳದ ಪಂಪ್ ನೋಡಿಕೊಳ್ಳುವವರು. ಗಬ್ಬೂರಿನಿಂದ ಸೈಕಲ್ ಹೊಡೆದುಕೊಂಡು ಬರುತ್ತಿದ್ದವರು ಈಗ ಏರಿನಲ್ಲಿ ಇಳಿದು ತಳ್ಳಿಕೊಂಡು ಬರುತ್ತಾರೆ. ಅವರಿಗೂ ನನ್ನ ಹಾಗೇ ಕೆಮ್ಮು, ಅದೇ ಒಡಕು ದನಿ. "ಡಾಕ್ಟರ್ ಬಾಯಾರು ಅಲರ್ಜಿ ಅಂತ ಹೇಳ್ಯಾರಂತ ನೋಡ್ರಿ. ಪಾರಿವಾಳದ್ದಂತ. ಸಾಹುಕಾರ್ರು ಹೇಳಿದ್ರು" ಎಂದರು. ಬಾಯಾರು ಅಂದರೆ ನೀನು, ಸಾಹುಕಾರರು ಮಾಮಾ. ದಿನವೂ ಅದೇ ಪಂಪ್ ರೂಮಿಗೆ ಹೋಗುತ್ತಾರೆ. ನಿನ್ನ ಒಂದು ಮಾತಿನಿಂದ ಎಷ್ಟು ಜನರಿಗೆ ಅನುಕೂಲವಾಯಿತು ನೋಡು.

ಎಲ್ಲ ಗೊತ್ತಿದ್ದವಳಿಗೆ ನಾನು ಹೇಳುವುದೇನಿದೆ.

ರಾಜೇಶ್ವರಿ


ಚಂಡೀಗಢ
25 ಫೆಬ್ರುವರಿ 2024

ರಾಜಿ,

ಎರಡು ಸಲ ಓದಿದೆ. ಇಷ್ಟು ಕಹಿ ಯಾಕೆ? ನಾನು ಡಾಕ್ಟರೆಂಬ ಜಂಬದಿಂದ ಬರೆದೆ ಎನಿಸಿತೇ?

ನನಗೆ ತೋಚುವುದು ಒಂದೇ. ಚಿಕ್ಕಂದಿನಲ್ಲಿ ನಾನು ಕೆಮ್ಮಿದಾಗೆಲ್ಲ ಅವ್ವ ನನ್ನ ಪಕ್ಕ ಕೂರುತ್ತಿದ್ದಳು, ನೀನು ಗಟ್ಟಿಗಿತ್ತಿ ಎಂದು ಆಡಲು ಕಳಿಸುತ್ತಿದ್ದಳು. ಈಗ ನನ್ನ ಕಾಯಿಲೆ ನಿನ್ನ ಈಜನ್ನೇ ಕಿತ್ತುಕೊಂಡಿತು. ಸಿಟ್ಟು ಬಂದರೆ ತಪ್ಪಲ್ಲ. ಆದರೆ ಅದು ನಾನು ಕೊಟ್ಟದ್ದಲ್ಲ, ಪುಟ್ಟಿ.

ಇಮಾಮಹುಸೇನ ಅವರನ್ನು ನಾನು ನೋಡಿಯೇ ಇಲ್ಲ. ಡಿಸೆಂಬರಿನಲ್ಲಿ ನಿನ್ನ ಕೆಮ್ಮಿನ ಸುದ್ದಿ ಹೇಳುವಾಗ ಇವರು ಪಂಪ್ ರೂಮಿನವನಿಗೂ ಹೀಗೇ ಆಗಿದೆ ಅಂದ ನೆನಪು. ಪಾರಿವಾಳ ಇವೆಯೇ ಎಂದು ಕೇಳಿದೆ. ಇವೆ ಅಂದರು. ಪಾರಿವಾಳದ ಹಿಕ್ಕೆಯಿಂದ ಬರುವುದುಂಟು. ಅದರಲ್ಲಿ ಅನುಕೂಲದ ಮಾತೇನು ಬಂತು?

ಮೆಸೇಜಿಗೂ ನೀನು ಉತ್ತರಿಸುತ್ತಿಲ್ಲ. ನೀಲಾ ಕಳಿಸಿದ ಗಾಜುಗಳು ಬಂದಿವೆ. ಹೆಸರಿರುವುದಿಲ್ಲ, ಬರೀ ಸಂಖ್ಯೆ. ಯಾರದ್ದೆಂದು ತಿಳಿಯದೆ ಓದಬೇಕೆಂಬುದು ನಿಯಮ. ಓದಿ ಮುಗಿದ ಮೇಲೆ ನಿನ್ನದನ್ನು ಹೇಳುತ್ತೇನೆ.

ಅಕ್ಕ


ಚಂಡೀಗಢ
16 ಮಾರ್ಚ್ 2024

ರಾಜಿ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಬೆಳಿಗ್ಗೆ ಫೋನ್ ಮಾಡಿದೆ, ಅವ್ವ ಎತ್ತಿದಳು. ನೀನು ಪಕ್ಕದಲ್ಲಿ ಕೆಮ್ಮುವುದು ಕೇಳಿಸಿತು, ಫೋನ್ ಮಾತ್ರ ತೆಗೆದುಕೊಳ್ಳಲಿಲ್ಲ. ಅವ್ವನನ್ನು ಇಂಥದ್ದು ಕೇಳುವುದು ಹೇಗೆ?

ನಿನ್ನೆ ಗಾಜುಗಳನ್ನೆಲ್ಲ ಓದಿ ಮುಗಿಸಿದೆ. ಒಂದೊಂದನ್ನೂ ನೋಡಿ ಇದು ಅಲರ್ಜಿ, ಇದು ಗ್ಯಾಸು ಎಂದು ಗುರುತು ಮಾಡುತ್ತಾ ಹೋದೆ. ಅದರಲ್ಲಿ ಒಂದರ ಮುಂದೆ ತುಸು ಹೊತ್ತು ನಿಂತೆ. ಕೆಂಪು ಹರಳಿನ ಇಯೋಸಿನೊಫಿಲ್ ಹುಡುಕಿದರೂ ಇಲ್ಲವೆನ್ನುವಷ್ಟು ಕಡಿಮೆ. ತುಂಬ ನ್ಯೂಟ್ರೋಫಿಲ್‌ಗಳು. ಎಲ್ಲಿ ಸುಟ್ಟಿತೋ ಎಲ್ಲಿ ಗಾಯವಾಯಿತೋ ಅಲ್ಲಿಗೆ ಬರುವ ಕಣಗಳವು. ನಡುನಡುವೆ ಉಸಿರಿನ ಕೊಳವೆಯ ಒಳಪೊರೆಯೇ ಕಿತ್ತು ಬಂದ ಚೂರುಗಳು. ಪಕ್ಕದಲ್ಲಿದ್ದ ನನ್ನ ಸಹಾಯಕಿಗೆ, "ಪಾಪ, ಇವರು ಚೆನ್ನಾಗಿಯೇ ಗ್ಯಾಸ್ ಕುಡಿದಿದ್ದಾರೆ" ಎಂದೆ. ಹಾಗೆ ಅಂದದ್ದು ನಾನೇ, ನನ್ನ ಬಾಯಿಂದಲೇ.

ಇಂದು ಯಾವ ಸಂಖ್ಯೆ ಯಾರದ್ದೆಂದು ಬಿಚ್ಚಿ ನೋಡಿದೆವು. ಅದು ನೀನು.

ಗಾಜು ಅದಲುಬದಲಾಗಿದೆ ಎಂದುಕೊಂಡೆ. ನೀಲಾಳಿಗೆ ಫೋನ್ ಮಾಡಿ ಕೂಗಾಡಿದೆ. ಅವಳು ಶಾಂತವಾಗಿ, "ಎರಡು ಗಾಜು ಮಾಡೇನಿ, ಎರಡನೇದ್ದು ನನ್ನ ಹತ್ರ ಐತಿ. ಇಲ್ಲೂ ಅದ ಕಾಣಸ್ತದ" ಅಂದಳು. ಸೋಂಕಿದ್ದರೂ ಕಫ ಹೀಗೆ ಕಾಣುವುದುಂಟು, ಬರೀ ಒಂದು ಗಾಜಿನಿಂದ ತೀರ್ಪು ಕೊಡುವ ಹಾಗಿಲ್ಲ. ಅದನ್ನೂ ಕೇಳಿದೆ. ಜ್ವರವಿಲ್ಲ, ಕಫದಲ್ಲಿ ರೋಗಾಣು ಬೆಳೆಯಲಿಲ್ಲ. ಅಲರ್ಜಿಯ ಚರ್ಮ ಪರೀಕ್ಷೆಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲವಂತೆ. ನನ್ನ ಕೈ ಮೇಲೆ ಅದೇ ಪರೀಕ್ಷೆಗೆ ಸಾಲು ಗುಳ್ಳೆ ಎದ್ದಿದ್ದವು.

ನಿನಗೆ ಇರುವುದು ನನ್ನ ಕಾಯಿಲೆಯಲ್ಲ. ಇನ್ಹೇಲರ್ ನಿಲ್ಲಿಸಬೇಡ, ಅದು ಇದಕ್ಕೂ ಬೇಕು. ಆದರೆ ಹೇಳು ರಾಜಿ, ನೀನು ಏನನ್ನು ಉಸಿರಾಡಿದೆ? ಎಲ್ಲಿ? ನನಗೆ ಯಾಕೆ ಯಾರೂ ಹೇಳಲಿಲ್ಲ?

ಅಕ್ಕ


ಮಾಳಮಡ್ಡಿ, ಧಾರವಾಡ
22 ಮಾರ್ಚ್ 2024

ಅಕ್ಕಾ,

ನಿನಗೆ ಗೊತ್ತಿರಲಿಲ್ಲವೇ?

"ಎಲ್ಲಾ ಹೇಳೇನಿ" ಎಂದ ಮಾಮಾ ಏನು ಹೇಳಿದ್ದರು ಹಾಗಾದರೆ?

ದೀಪಾವಳಿ ಮುಗಿದ ವಾರ. ಮಕ್ಕಳ ಕ್ಲಾಸು ಮುಗಿದು ಎಲ್ಲರೂ ಮನೆಗೆ ಹೋಗಿದ್ದರು. ನಾನೊಬ್ಬಳೇ ಈಜುತ್ತಿದ್ದೆ. ಮೂಗಿಗೆ ಘಾಟು ಹೊಡೆಯಿತು, ದಿನದ ಕೊಳದ ವಾಸನೆಯಲ್ಲ, ಕಣ್ಣಿಗೆ ಸುಣ್ಣ ಎರಚಿದ ಹಾಗೆ. ತಲೆ ಎತ್ತಿ ನೋಡಿದರೆ ಪಂಪ್ ರೂಮಿನ ಬಾಗಿಲಿನಿಂದ ಹಳದಿ ಹಸಿರು ಹೊಗೆ ನೆಲ ಹಿಡಿದು ಬರುತ್ತಿತ್ತು. ಒಳಗೆ ಇಮಾಮಹುಸೇನ ಕಾಕಾ ಮೊಣಕಾಲೂರಿ ಗೋಡೆ ತಡವುತ್ತಿದ್ದರು. ಕೂಗಲು ಅವರಿಗೆ ದನಿಯೇ ಇರಲಿಲ್ಲ.

ಉಸಿರು ಹಿಡಿಯುವುದು ನನ್ನ ಕಸುಬು, ಒಳಗೆ ನುಗ್ಗಿದೆ. ಆದರೆ ಅವರು ಭಾರದ ಮನುಷ್ಯ, ಹೊಸ್ತಿಲಿಗೆ ಕಾಲು ಸಿಕ್ಕಿಕೊಂಡಿತು. ಎಳೆಯುವಾಗ ತಡೆಯಲಾಗದೆ ಒಮ್ಮೆ ಉಸಿರೆಳೆದೆ. ಎದೆಯೊಳಗೆ ಬೆಂಕಿ ಇಳಿದ ಹಾಗಾಯಿತು. ಮಾಮಾ ಆಫೀಸಿನಿಂದ ಓಡಿ ಬಂದು, ಒದ್ದೆ ಟವೆಲ್ ಮುಖಕ್ಕೆ ಕಟ್ಟಿಕೊಂಡು ಒಳಗೆ ಹೋಗಿ, ಟ್ಯಾಂಕಿಗೆ ಸುರಿಯುತ್ತಲೇ ಇದ್ದ ಕ್ಯಾನಿನ ವಾಲ್ವ್ ಮುಚ್ಚಿದರು. ಅದನ್ನು ಇಲ್ಲವೆನ್ನುವುದಿಲ್ಲ.

ಆದದ್ದೇನೆಂದರೆ, ನೀರಿಗೆ ಹಾಕುವ ಆಸಿಡ್ಡೂ ಬ್ಲೀಚಿನ ನೀರೂ ಆ ಸಲ ಒಂದೇ ಬಗೆಯ ನೀಲಿ ಕ್ಯಾನಿನಲ್ಲಿ ಬಂದಿದ್ದವು, ಚೀಟಿಯಿಲ್ಲದೆ. "ಇದು ಯಾವುದ್ರಿ ಸಾಹುಕಾರ್ರ?" ಎಂದು ಕಾಕಾ ಕೇಳಿಯೇ ಕೇಳಿದ್ದರು. "ಬ್ಲೀಚ್ ಐತಿ, ಹಾಕು" ಎಂದವರು ಮಾಮಾ. ಬ್ಲೀಚಿನ ಟ್ಯಾಂಕಿಗೆ ಆಸಿಡ್ ಬಿದ್ದು ಕ್ಲೋರಿನ್ ಎದ್ದಿತು. ದವಾಖಾನೆಯಲ್ಲಿ ಮಾಮಾ ನಮ್ಮಿಬ್ಬರಿಗೂ ಆಕ್ಸಿಜನ್ ಹಚ್ಚಿಸಿ, "ಸ್ವಚ್ಛ ಮಾಡಬೇಕಾದ್ರ ಸ್ವಲ್ಪ ವಾಸನಿ ಬಡಿತು" ಎಂದು ಡಾಕ್ಟರಿಗೆ ಹೇಳಿದರು. ಅವ್ವನಿಗೂ ಅಷ್ಟೇ ಹೇಳಿದರು, ನಿನ್ನ ಸಂಸಾರದ ಮಾತೆಂದು ನಾನೂ ತಿದ್ದಲಿಲ್ಲ. ಆಮೇಲೆ ನಿನ್ನ ಮಾತು ಬಂತು. ಅಲರ್ಜಿ.

ಗಂಡನ ಮರ್ಯಾದೆ ಉಳಿಸಲು ನೀನು ಬೇಕೆಂದೇ ಹಾಗೆ ಹೇಳಿದೆ ಎಂದುಕೊಂಡೆ. ಜನವರಿಯ ನಿನ್ನ ಕಾಗದ ಓದುವಾಗ, ಗ್ಯಾಸ್ ಕುಡಿದವರ ಬಗ್ಗೆಯೇ ಸಂಶೋಧನೆ ಮಾಡುವವಳು ತಂಗಿಗೆ ಬೆಕ್ಕು ಬಿಡು ಎಂದು ಬರೆಯುತ್ತಾಳಲ್ಲ ಎಂದು ಮೈಯೆಲ್ಲ ಉರಿಯಿತು. ಇಷ್ಟು ದಿನ ನಿನ್ನನ್ನು ದ್ವೇಷಿಸಿದೆ ಅಕ್ಕಾ.

ರಾಜಿ


ಚಂಡೀಗಢ
31 ಮಾರ್ಚ್ 2024

ರಾಜಿ,

ಮೊನ್ನೆ ಫೋನಿನಲ್ಲಿ ನೀನು ಕೆಮ್ಮಿದೆ, ನಾನು ಅತ್ತೆ. ಮಾತಾಗಲೇ ಇಲ್ಲ. ಹೇಳಬೇಕಾದದ್ದನ್ನು ಬರೆಯುತ್ತೇನೆ.

ಇವರು ನನಗೆ ಹೇಳಿದ್ದು, "ರಾಜಿಗೆ ಕೆಮ್ಮು, ದಮ್ಮು ಹತ್ತೈತಿ, ಪಂಪ್ ರೂಮಿನವಗೂ ಹಂಗ ಆಗೈತಿ" ಎಂದಷ್ಟೇ. ನನಗೆ ಕ್ಲೋರಿನ್ ಎಂಬ ಒಂದು ಮಾತು ಕೇಳಿಸಿದ್ದರೂ ಸಾಕಿತ್ತು. ನಿನ್ನೆ ಫೋನ್ ಮಾಡಿ ಕೇಳಿದೆ. "ನೀ ಬಾ, ಎದುರಿಗೆ ಮಾತಾಡೂಣು" ಎಂದು ಇಟ್ಟುಬಿಟ್ಟರು. ಆಮೇಲೆ ಎತ್ತುತ್ತಿಲ್ಲ. ಏಪ್ರಿಲ್ ಹತ್ತೊಂಬತ್ತಕ್ಕೆ ಊರಿಗೆ ಬರುತ್ತೇನೆ, ಅದಕ್ಕೂ ಮೊದಲು ರಜೆ ಇಲ್ಲ.

ಇಮಾಮಹುಸೇನ ಅವರನ್ನು ನೀಲಾಳ ಹತ್ತಿರ ಕರೆದುಕೊಂಡು ಹೋಗು. ರಂಜಾನಿನ ರೋಜಾ ಇದ್ದಾರೆಂದು ಅವರು ಔಷಧಕ್ಕೆ ಹಿಂಜರಿದರೆ ಅವರ ಹೆಂಡತಿಗೆ ಹೇಳು, ಆಕೆಯ ಮಾತು ಕೇಳಿಯಾರು. ಅವರು ಇನ್ನು ಆ ಕೋಣೆಗೆ ಕಾಲಿಡಬಾರದು. ಗಾಯವಾದ ಕೊಳವೆಗೆ ಸಣ್ಣ ಘಾಟೂ ಕೆಟ್ಟದ್ದು. ಇನ್ನೊಂದು ಮಾತು, ಬೇಸಿಗೆ ಶಿಬಿರವೆಂದು ಕೊಳದ ಜಾಹೀರಾತು ನೋಡಿದೆ. ಆ ಕ್ಯಾನುಗಳು ಈಗಲೂ ಹಾಗೇ ಇವೆಯೇ?

ಅಕ್ಕ


ಮಾಳಮಡ್ಡಿ, ಧಾರವಾಡ
15 ಏಪ್ರಿಲ್ 2024

ಅಕ್ಕಾ,

ನೀನು ಹೊರಡುವುದರೊಳಗೆ ಇದು ಸಿಗುವುದೋ ಇಲ್ಲವೋ. ಆದರೂ ಇವತ್ತೇ ಬರೆಯದೆ ಇರಲಾರೆ.

ಮೊದಲು ಮಾಮಾರ ಹತ್ತಿರ ಹೋಗಿದ್ದೆ. ಕ್ಯಾನು ಬೇರೆ ಬೇರೆ ಕೋಣೆಯಲ್ಲಿ ಇಡಿಸುತ್ತೇನೆ, ಚೀಟಿ ಅಂಟಿಸುತ್ತೇನೆ ಎಂದು ಮಾತು ಕೊಟ್ಟರು. ಇವತ್ತು ಶಿಬಿರದ ಮೊದಲ ದಿನ. ಕಾಕಾ ಡಾಕ್ಟರ್ ನೀಲಾ ಅವರಿಗೆ ತೋರಿಸಿಕೊಂಡು ಕೆಲಸ ಬಿಟ್ಟಿದ್ದಾರೆ, ಆದರೂ ಬೆಳಿಗ್ಗೆ ನನ್ನ ಜೊತೆ ಬಂದರು. ಪಂಪ್ ರೂಮಿನ ಕಿಟಕಿಯಲ್ಲಿ ಇಣುಕಿದೆವು. ಎರಡೂ ನೀಲಿ ಕ್ಯಾನು, ಚೀಟಿಯಿಲ್ಲದೆ, ಮಗ್ಗುಲಿಗೆ ಮಗ್ಗುಲು.

ಗೇಟಿನ ಮುಂದೆ ಹೋಗಿ ನಿಂತೆ. ಕಾರು, ಸ್ಕೂಟರಿನಿಂದ ಮಕ್ಕಳು ಇಳಿಯುತ್ತಿದ್ದರು. "ಮಕ್ಕಳನ್ನ ಒಳಗ ಬಿಡಬ್ಯಾಡ್ರಿ" ಎಂದೆ. ಅಷ್ಟಕ್ಕೇ ಕೆಮ್ಮು ಹತ್ತಿತು. ಮಾಮಾ ಓಡಿ ಬಂದರು.

"ರಾಜಿ, ಒಳಗ ಬಾ. ಮಂದಿ ನೋಡಾಕತ್ತಾರ."

ನನಗೆ ಮಾತಾಡಲಾಗಲಿಲ್ಲ. ಕಾಕಾ ಮುಂದೆ ಬಂದರು. "ದೀಪಾವಳಿ ಹೊತ್ತಿನ್ಯಾಗ ಇಲ್ಲಿ ವಿಷದ ಗ್ಯಾಸ್ ಆಗಿತ್ರಿ. ನಾ ಒಳಗ ಬಿದ್ದಿದ್ದೆ, ಈ ಮೇಡಂ ಎಳಕೊಂಡು ಬಂದ್ರು. ನಮ್ಮಿಬ್ಬರ ದನಿ ಕೇಳ್ರಿ ಸಾಕು" ಎಂದರು. ನಡುವೆ ಎಷ್ಟೋ ಸಲ ನಿಂತು ಉಸಿರು ತೆಗೆದುಕೊಂಡರು.

ಒಬ್ಬ ತಾಯಿ ಮಾಮಾರನ್ನು ಕೇಳಿದಳು, "ಮತ್ತ ಯಾರಿಗೂ ಯಾಕ ಹೇಳಲಿಲ್ರಿ?"

"ಅಲರ್ಜಿ ಅಂತ ಡಾಕ್ಟರ್ ಹೇಳ್ಯಾರ್ರಿ. ನನ್ನ ಹೆಂಡ್ತಿನ ಡಾಕ್ಟರ್ ಅದಾಳ."

"ಆಕಿ ನಮ್ಮಕ್ಕ. ಈಗ ಆಕಿನ ಅಲರ್ಜಿ ಅಲ್ಲ ಅಂತ ಬರದಾಳ" ಎಂದೆ. ಆ ಒಂದು ಮಾತು ಹೇಗೋ ಕೆಮ್ಮಿಲ್ಲದೆ ಹೊರಬಿತ್ತು.

ಮಕ್ಕಳು ವಾಪಸ್ಸು ಹೋದರು. ಯಾರೋ ಫೋನ್ ಮಾಡಿ ಅಧಿಕಾರಿಗಳನ್ನು ಕರೆಸಿದರು. ಅವರು ಕ್ಯಾನು ನೋಡಿ ಕೊಳಕ್ಕೆ ಬೀಗ ಹಾಕಿದರು. ಮಾಮಾ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ನನ್ನ ಕಡೆ ನೋಡಲಿಲ್ಲ.

ರಾಜಿ


ಚಂಡೀಗಢ
2 ಮೇ 2024

ರಾಜಿ,

ಒಂದು ವಾರ ನಿನ್ನ ಪಕ್ಕದಲ್ಲೇ ಮಲಗಿ ಎದ್ದೆ. ಹುಬ್ಬಳ್ಳಿಯ ನಮ್ಮ ಮನೆಗೆ ಹೋಗಿ ಬಂದ ಸಂಜೆ ನೀನೂ ಅವ್ವನೂ ಏನಾಯಿತೆಂದು ಕೇಳಿದಿರಿ, "ಏನಿಲ್ಲ" ಎಂದೆ. ಎದುರಿಗೆ ಹೇಳುವ ಧೈರ್ಯವಾಗಲಿಲ್ಲ.

ಇವರು ಒಬ್ಬರೇ ಇದ್ದರು. "ಯಾಕ ಮುಚ್ಚಿಟ್ರಿ? ನನ್ನ ತಂಗಿರಿ ಆಕಿ" ಎಂದು ಕೇಳಿದೆ. ಜಗಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಇವರು ದನಿ ಏರಿಸಲಿಲ್ಲ.

"ಫೋನ್ ಹಚ್ಚಿದ್ದ ಹೇಳಾಕ, ದಾಕ್ಷಾಯಿಣಿ. ರಾಜಿಗೆ ದಮ್ಮು ಹತ್ತೈತಿ, ಪಂಪ್ ರೂಮಿನವಗೂ ಹಂಗ ಆಗೈತಿ, ಅವತ್ತ ಪಂಪ್ ರೂಮಿನ್ಯಾಗ ಅನ್ನೂದ್ರಾಗ, ಪಾರಿವಾಳ ಅದಾವೇನ್ರಿ ಅಂತ ಕೇಳಿದಿ. ಅದಾವ ಅಂದೆ. ಅಲರ್ಜಿರಿ ಅದು, ನಮ್ಮ ಮನಿತನದ್ದು ಅಂದಿ. ಅಷ್ಟರಾಗ ನಿನ್ನ ಯಾರೋ ಕರದ್ರು. ಇಟ್ಟಿ."

"ಮತ್ತ ಫೋನ್ ಮಾಡಬೇಕಿತ್ತು."

"ಮಾಡಬೇಕಿತ್ತು. ಆದ್ರ ಅಷ್ಟ ಕೇಳಿದ ಮ್ಯಾಲೆ ನನಗ ಎಷ್ಟು ಹಗರ ಆತು ಗೊತ್ತೇನು? ನನ್ನ ಕೈಯಾಗಿಂದು ಏನೂ ಆಗಿಲ್ಲ ಅನ್ನಿಸ್ತು. ಅದನ್ನ ನಂಬಿಬಿಟ್ಟೆ."

ಇದು ಸುಳ್ಳೆಂದು ನಿನಗೆ ಬರೆಯಬಹುದಾಗಿದ್ದರೆ! ಆದರೆ ಆ ಫೋನು ನನಗೆ ನೆನಪಿದೆ. ವಾರ್ಡಿನ ಬಾಗಿಲಲ್ಲಿ ನಿಂತಿದ್ದೆ. ಅವರ ಮಾತು ಅರ್ಧದಲ್ಲಿತ್ತು. ದಿನಕ್ಕೆ ಎಷ್ಟು ರೋಗಿಗಳನ್ನು "ಹೇಗೆ ಶುರುವಾಯಿತು, ಅದಕ್ಕೂ ಮೊದಲು ಎಲ್ಲಿದ್ದಿರಿ" ಎಂದು ಕೇಳುತ್ತೇನೆ. ನಿನ್ನ ವಿಷಯಕ್ಕೆ ಕೇಳಲಿಲ್ಲ. ನಮ್ಮ ಮನೆಯ ಎದೆ ನನಗೆ ಗೊತ್ತಿರುವುದೇ ಎಂದುಕೊಂಡೆ.

ಇದರಿಂದ ಅವರ ತಪ್ಪು ಕಡಿಮೆಯಾಗುವುದಿಲ್ಲ. ಕ್ಯಾನು ಅವರದ್ದು, ಐದು ತಿಂಗಳ ಮೌನ ಅವರದ್ದು. ಮತ್ತೆ ಮಕ್ಕಳನ್ನು ಅಲ್ಲಿಗೆ ಕರೆದವರೂ ಅವರೇ. ಆ ಮನೆಗೆ ಯಾವಾಗ ಹಿಂದಿರುಗುತ್ತೇನೋ, ಹಿಂದಿರುಗುತ್ತೇನೋ ಇಲ್ಲವೋ ಗೊತ್ತಿಲ್ಲ. ನಿನಗೂ ಇಮಾಮಹುಸೇನ ಅವರಿಗೂ ಅಲರ್ಜಿಯಲ್ಲ, ಕ್ಲೋರಿನ್ನಿಂದಾದದ್ದು ಎಂದು ಸಹಿ ಮಾಡಿ ಅಧಿಕಾರಿಗಳಿಗೆ ಕೊಟ್ಟು ಬಂದಿದ್ದೇನೆ. ನಿನ್ನ ಎದೆ ಪೂರ್ತಿ ವಾಸಿಯಾಗುತ್ತದೆಂದು ಮಾತು ಕೊಡಲಾರೆ. ಕೆಲವರಿಗೆ ತಿಂಗಳುಗಳಲ್ಲಿ ಇಳಿಯುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ.

ಅಕ್ಕ


ಮಾಳಮಡ್ಡಿ, ಧಾರವಾಡ
15 ಮೇ 2024

ಅಕ್ಕಾ,

ನಿನ್ನ ಕಾಗದಕ್ಕೆ ಏನು ಉತ್ತರ ಬರೆಯಲೆಂದು ಕೂತಿದ್ದೆ. ಅಷ್ಟರಲ್ಲಿ ನಿನ್ನೆ ಆದದ್ದೇ ಬೇರೆ.

ಮಧ್ಯಾಹ್ನ ಮಾಮಾ ಬಂದರು. ಹೊಸ್ತಿಲ ಹೊರಗೇ ನಿಂತರು. ಅವ್ವ ನನ್ನ ಮುಖ ನೋಡಿದಳು, ಆಮೇಲೆ "ಬಂದಾರ, ಕುಂಡ್ರಲಿ" ಎಂದು ಒಳಗೆ ಹೋದಳು. ಮಾಮಾ ಸೊರಗಿದ್ದರು. ಪಡಸಾಲೆಯಲ್ಲಿ ಎದುರುಬದುರು ಕೂತೆವು. ಅಡುಗೆಮನೆಯಲ್ಲಿ ಅವ್ವ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದಳು. ಘಾಟು ಪಡಸಾಲೆಗೆ ಬಂತು. ನನಗೆ ಕೆಮ್ಮು ಹತ್ತಿತು, ಅದು ಹತ್ತುವುದೇ.

ಮಾಮಾರಿಗೂ ಹತ್ತಿತು. ಒಂದೆರಡು ಸಲ ಕೆಮ್ಮಿ ಬಿಡುವ ಕೆಮ್ಮಲ್ಲ ಅಕ್ಕಾ. ನನ್ನದೇ ಕೆಮ್ಮು. ಅದೇ ಎಳೆತ, ಕೊನೆಯಲ್ಲಿ ಅದೇ ಸಿಳ್ಳು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೆಮ್ಮಿದೆವು. ಅವರು ಜೇಬಿಗೆ ಕೈ ಹಾಕಿ ಒಂದು ಇನ್ಹೇಲರ್ ತೆಗೆದರು. ನಿನ್ನ ಕಪಾಟಿನಲ್ಲಿ ಉಳಿದದ್ದಂತೆ. ಅವಧಿ ಮುಗಿದು ಹೋಗಿತ್ತು.

"ಯಾವಾಗಿಂದ್ರಿ?" ಎಂದೆ.

"ಅವತ್ತಿಂದ."

ಒದ್ದೆ ಟವೆಲ್ ಕಟ್ಟಿಕೊಂಡು ಒಳಗೆ ಹೋದವರು ಅವರು. ಅವರ ಬಗ್ಗೆ ನಾನು ಒಂದು ದಿನವೂ ಯೋಚಿಸಿರಲಿಲ್ಲ. ನೀನೂ ಯೋಚಿಸಲಿಲ್ಲ. ಅವರೂ ಯಾರಿಗೂ ತೋರಿಸಿಕೊಳ್ಳಲಿಲ್ಲ, ತೋರಿಸಿಕೊಂಡರೆ ನಮ್ಮ ಮನೆತನದ ಅಲರ್ಜಿ ಎಂಬುದನ್ನು ಯಾರೂ ನಂಬುತ್ತಿರಲಿಲ್ಲವಲ್ಲ.

ಅವ್ವ ಗ್ಯಾಸ್ ಆರಿಸಿ, ಹಿತ್ತಲ ಬಾಗಿಲು ತೆರೆದು, ಸೌಟು ಹಿಡಿದೇ ಓಡಿ ಬಂದಳು. ನನ್ನನ್ನು ನೋಡಿದಳು, ಅವರನ್ನು ನೋಡಿದಳು.

"ಅಯ್ಯ ನಮ್ಮಪ್ಪ, ಹಿಂಗ ಇನ್ನೂ ಎಷ್ಟ ಮಂದಿ ಅದೀರಿ?"

ನನಗೆ ಮಾಮಾರ ಮೇಲಿನ ಸಿಟ್ಟು ಹೋಗಿಲ್ಲ, ಹೋಗುತ್ತದೆಂದೂ ಅನಿಸುವುದಿಲ್ಲ. ಆದರೂ "ಏಳ್ರಿ ಮಾಮಾ, ದವಾಖಾನಿಗೆ ಹೋಗೂಣು" ಎಂದೆ. ಆಟೋದಲ್ಲಿ ಇಬ್ಬರೂ ಮೂಗಿಗೆ ಬಟ್ಟೆ ಹಿಡಿದು ಕೂತೆವು.

ಡಾಕ್ಟರ್ ನೀಲಾ ನನ್ನನ್ನೂ ಒಳಗೇ ಕೂರಿಸಿಕೊಂಡರು. ಮಾಮಾರ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಪೆನ್ನು ತೆಗೆದುಕೊಂಡು, "ಹೆಂಗ ಶುರುವಾತ್ರಿ ಇದು?" ಎಂದರು.

ಮಾಮಾ ನನ್ನ ಕಡೆ ನೋಡಿದರು.

"ಕ್ಲೋರಿನ್ ಗ್ಯಾಸ್‌ರಿ" ಎಂದರು ಮಾಮಾ. "ನಮ್ಮ ಪಂಪ್ ರೂಮಿನ್ಯಾಗ. ಆಸಿಡ್ಡನ್ನ ಬ್ಲೀಚ್ ಐತಿ, ಹಾಕು ಅಂತ ಹೇಳಿದಾವ ನಾನ ಇದ್ದೆ. ಬರಕೋರಿ."

ನಿನ್ನ
ರಾಜಿ